ಕಂಪ್ಯೂಟರ್ ಓದಿದವರು ಮತ್ತು ಕ್ಯಾನ್ಸರ್



ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚುತ್ತಲೇ ಇದು ಡಬ್ಬಿ, ಇದು ಕಡ್ಡಿ ಎಂದು ತಳಿ ಹೇಳಬಲ್ಲವರಿದ್ದಾರೆ. ಕಾಯಿಯ ಸುಕ್ಕು, ಬಣ್ಣ, ಉದ್ದ ನೋಡಿದರೆ ಸಾಕು. ಕಂಪ್ಯೂಟರಿಗೂ ಇದನ್ನು ಕಲಿಸಬಹುದು. ಸಾವಿರಾರು ಕಾಯಿಗಳ ಫೋಟೊ ತೆಗೆದು, ಒಂದೊಂದಕ್ಕೂ ಆ ಅನುಭವಸ್ಥರಿಂದಲೇ ಹೆಸರು ಹೇಳಿಸಬೇಕು. ಅವರು ತಪ್ಪಿದರೆ ಯಂತ್ರ ತಪ್ಪನ್ನೇ ಕಲಿಯುತ್ತದೆ.

ಹೀಗೆ ಯಂತ್ರಗಳನ್ನು ಪಳಗಿಸಬಲ್ಲ, ಆದರೆ ಡಾಕ್ಟರಿಕೆ ಓದದ ತಂತ್ರಜ್ಞರು ಕ್ಯಾನ್ಸರ್ ಸಂಶೋಧನೆಗೆ ನೆರವಾಗಬಲ್ಲರೇ? ಆಗಲೇ ಆಗಿದ್ದಾರೆ. ಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ತೋರಿಸುವ ಸಿ.ಟಿ. ಸ್ಕ್ಯಾನ್ ಯಂತ್ರವನ್ನು ರೂಪಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಜಿನಿಯರ್. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ಅದರಲ್ಲಿ ನೋಡಿದರು. 1979ರ ವೈದ್ಯಕೀಯ ನೊಬೆಲ್ ಅವರಿಗೂ ಭೌತವಿಜ್ಞಾನಿ ಆಲನ್ ಕಾರ್ಮ್ಯಾಕ್‌ಗೂ ಬಂತು.

ನಮ್ಮ ಬೆಂಗಳೂರಿನ ಗೀತಾ ಮಂಜುನಾಥ್ ಕಂಪ್ಯೂಟರ್ ವಿಜ್ಞಾನಿ. ಹತ್ತಿರದ ಸಂಬಂಧಿಕರಿಗೆ ಸ್ತನ ಕ್ಯಾನ್ಸರ್ ಬಂದದ್ದು ಅವರನ್ನು ಈ ದಾರಿಗೆ ಎಳೆಯಿತು. 2016ರಲ್ಲಿ ನಿರಾಮೈ ಎಂಬ ಸಂಸ್ಥೆ ಕಟ್ಟಿದರು. ಅದರ ವಿಧಾನ ಹೀಗಿದೆ: ಬೆಳೆಯುವ ಗಡ್ಡೆಗೆ ರಕ್ತ ಹೆಚ್ಚು ಬೇಕು. ಅದು ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ, ಆ ಜಾಗ ತುಸು ಬಿಸಿಯಾಗುತ್ತದೆ. ಆ ಬಿಸಿಯನ್ನು ವಿಶೇಷ ಕ್ಯಾಮೆರಾ ಚಿತ್ರವಾಗಿಸುತ್ತದೆ, ಕಂಪ್ಯೂಟರ್ ಅದನ್ನು ಓದುತ್ತದೆ. ಮೈ ಮುಟ್ಟುವುದಿಲ್ಲ, ವಿಕಿರಣವಿಲ್ಲ. ಪರೀಕ್ಷೆಗೆ ನಾಚುವ ನಮ್ಮ ಹೆಣ್ಣುಮಕ್ಕಳ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಆದರೆ ಮುಟ್ಟುನಿಲ್ಲುವ ಬದಲಾವಣೆಯಿಂದಲೋ, ಹಾಲೂಡಿಸುವುದರಿಂದಲೋ, ಸೋಂಕಿನಿಂದಲೋ ಮೈ ಬಿಸಿ ಏರುಪೇರಾಗಬಹುದು. ಯಾವ ಬಿಸಿ ಕ್ಯಾನ್ಸರಿನದು ಎಂದು ಯಂತ್ರ ತಾನಾಗಿ ಅರಿಯದು. ಗಂಟಿನ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ವೈದ್ಯರ ತೀರ್ಮಾನವೇ ಅದಕ್ಕೆ ಪಾಠ, ಪೇಟೆಯ ಅನುಭವಸ್ಥರ ಮಾತಿನ ಹಾಗೆ. ಬಿಸಿಯ ಚಿತ್ರ ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಮ್‌ಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಅದನ್ನು ನಾನೂ ಒಪ್ಪುತ್ತೇನೆ. ವೈದ್ಯಕೀಯದ ಹೊರಗಿನವರು ಎಡವುವುದು ಬುದ್ಧಿ ಸಾಲದೆ ಅಲ್ಲ, ಮೊದಲು ಯಂತ್ರ ಮಾಡಿ ಆಮೇಲೆ ರೋಗವನ್ನು ಕೇಳಹೋಗುವುದರಿಂದ.

ಹಾವೇರಿಯ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನಲ್ಲೂ ಒಂದು ಎಂಜಿನಿಯರಿಂಗ್ ಕಾಲೇಜಿದೆ. ಹಾವೇರಿಗೀಗ ವೈದ್ಯಕೀಯ ಕಾಲೇಜೂ ಬಂದಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಮಕ್ಕಳೇ, ಒಂದು ದಿನ ಅಲ್ಲಿನ ವೈದ್ಯರ ಪಕ್ಕ ಸುಮ್ಮನೆ ಕುಳಿತು ನೋಡಿ. ಅವರ ಕಷ್ಟ ಏನೆಂದು ಕೇಳಿ.

ತಾಯಂದಿರೇ, ಅಕ್ಕಂದಿರೇ, ಮೈಯಲ್ಲಿ ಹೊಸ ಗಂಟು ಕೈಗೆ ಸಿಕ್ಕರೆ ಯಾವ ಯಂತ್ರಕ್ಕೂ ಕಾಯಬೇಡಿ. ಈ ವಾರವೇ ಆಸ್ಪತ್ರೆಗೆ ಹೋಗಿ ತೋರಿಸಿ.