ಮೋರಿಯಿಂದ ಗಲ್ಲಾದವರೆಗೆ: ಮುಂಬಯಿಯ ಹೋಟೆಲ್ ಹುಡುಗರು ಮತ್ತು ರಾತ್ರಿಶಾಲೆ



ಈ ದತ್ತಿ ಉಪನ್ಯಾಸ ಯಾರ ಸ್ಮರಣೆಯಲ್ಲಿದೆಯೋ ಆ ಹಿರಿಯರು ಹಗಲು ಮುಂಬಯಿಯ ಕೋಟೆ ಪ್ರದೇಶದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿ ದುಡಿದು, ಸಂಜೆಯಾದರೆ ರಾತ್ರಿಶಾಲೆಯಲ್ಲಿ ಗಣಿತ ಕಲಿಸಿದವರು. ವೇದಿಕೆಯಲ್ಲಿ ತಮ್ಮ ಹೆಸರು ಕೇಳಿಬಂದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರಂತೆ. ಆದ್ದರಿಂದ ಇವತ್ತೂ ಅವರನ್ನು ಶಿಷ್ಯರು ಕರೆಯುತ್ತಿದ್ದಂತೆ ‘ಮಾಸ್ತರರು’ ಎಂದಷ್ಟೇ ಕರೆಯುತ್ತೇನೆ.

ದುಡಿಯುವವರಿಗೆ ಕಸುಬನ್ನೂ ಹಣದ ತಿಳಿವಳಿಕೆಯನ್ನೂ ಕೊಡುವ ತರಬೇತಿಯ ಚರಿತ್ರೆ ಪುಸ್ತಕಗಳಲ್ಲಿ ಸಿಗುತ್ತದೆ. 1911ರಲ್ಲಿ ನಾ. ಮ. ಜೋಶಿಯವರು ಈ ಊರಿನಲ್ಲಿ ಸೋಶಿಯಲ್ ಸರ್ವಿಸ್ ಲೀಗ್ ಕಟ್ಟಿ ಕಾರ್ಮಿಕರಿಗೆ ರಾತ್ರಿ ತರಗತಿ ನಡೆಸಿದ್ದು, 1967ರಲ್ಲಿ ದೇಶದ ಮೊದಲ ಶ್ರಮಿಕ ವಿದ್ಯಾಪೀಠ ಮುಂಬಯಿಯಲ್ಲೇ ಹುಟ್ಟಿದ್ದು, ಅದು 2000ದಲ್ಲಿ ಜನ ಶಿಕ್ಷಣ ಸಂಸ್ಥಾನವಾಗಿ 2018ರಲ್ಲಿ ಶಿಕ್ಷಣ ಇಲಾಖೆಯಿಂದ ಕೌಶಲ ಇಲಾಖೆಗೆ ದಾಟಿದ್ದು, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾದದ್ದು, ಇವೆಲ್ಲ ತಿಳಿದ ಸಂಗತಿಗಳು. ನನ್ನ ತಕರಾರು ಬೇರೆ ಕಡೆ ಇದೆ. ಘಟ್ಟದ ಕೆಳಗಿನಿಂದ ಬರಿಗೈಯಲ್ಲಿ ಬಂದ ಹುಡುಗ ಮೋರಿಯಲ್ಲಿ ಕಪ್ಪು-ಬಸಿ ತೊಳೆಯುವಲ್ಲಿಂದ ಗಲ್ಲಾದಲ್ಲಿ ಕೂರುವವರೆಗೆ ಹೇಗೆ ಏರಿದ?

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ಹೋಟೆಲೇ ವಿಶ್ವವಿದ್ಯಾಲಯ, ಬೆವರೇ ಫೀಸು. ಈ ಮಾತನ್ನು ಬರೆಯುವವರು ಬಹುಪಾಲು ಗಲ್ಲಾ ತಲುಪಿದವರು. ಮೋರಿಯಲ್ಲೇ ಕೂದಲು ಹಣ್ಣಾದವರು ಸ್ಮರಣ ಸಂಚಿಕೆಗೆ ಲೇಖನ ಬರೆಯುವುದಿಲ್ಲ. ಹೋಟೆಲು ಬಹಳಷ್ಟು ಕಲಿಸಿತು, ಒಪ್ಪುತ್ತೇನೆ. ಮೋರಿ, ಟೇಬಲ್ ಒರೆಸುವ ಕ್ಲೀನರ್, ಆಫೀಸುಗಳಿಗೆ ಚಹಾ ಒಯ್ಯುವ ಬಾಹರ್‌ವಾಲಾ, ವೇಟರ್, ಈ ಮೆಟ್ಟಿಲುಗಳನ್ನು ಕಣ್ಣಿನಲ್ಲಿ ನೋಡಿ ಕೈಯಲ್ಲಿ ಮಾಡಿ ಕಲಿಯಬಹುದು. ಅಲ್ಲಿಂದ ಮೇಲೆ ಹಾಗಲ್ಲ. ಹೋಟೆಲನ್ನು ಕಂಡಕ್ಟಿಂಗ್‌ಗೆ, ಅಂದರೆ ಗುತ್ತಿಗೆಗೆ, ಹಿಡಿಯಬೇಕಾದರೆ ಕರಾರು ಓದಬೇಕು. 1948ರ ಫ್ಯಾಕ್ಟರಿ ಕಾಯಿದೆಯ ಪ್ರಕಾರ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಸರ್ಕಾರ ಕ್ಯಾಂಟೀನ್ ಕಡ್ಡಾಯ ಮಾಡಬಹುದಾಯಿತು. ನಮ್ಮವರಿಗೆ ದೊಡ್ಡ ಬಾಗಿಲು ತೆರೆದದ್ದು ಅಲ್ಲಿ. ಆದರೆ ಕ್ಯಾಂಟೀನ್ ಕಾಂಟ್ರಾಕ್ಟಿಗೆ ದರ ಬರೆದುಕೊಡಬೇಕು. ಒಂದು ಪ್ಲೇಟ್ ಇಡ್ಲಿಗೆ ಎಷ್ಟು ಬೀಳುತ್ತದೆಂದು ಗೊತ್ತಿಲ್ಲದವನು ಆ ದರ ಬರೆಯುವುದು ಹೇಗೆ? ಅದನ್ನು ಕಲಿಸಿದ್ದು ರಾತ್ರಿಶಾಲೆ.

ಮಾಸ್ತರರು ಬಳಸುತ್ತಿದ್ದ ಲೆಕ್ಕದ ನೋಟ್‌ಬುಕ್ಕೊಂದನ್ನು ಅವರ ಮನೆಯವರು ನನಗೆ ತೋರಿಸಿದರು. ಪಠ್ಯಪುಸ್ತಕದ ರೈಲು, ನೀರಿನ ತೊಟ್ಟಿಗಳ ಲೆಕ್ಕದ ನಡುವೆ ಅವರೇ ಹೊಸೆದ ಲೆಕ್ಕಗಳಿವೆ. ನಯಾ ಪೈಸೆ ಬಂದ ಮೇಲಿನ ಕಾಲದ್ದು ಒಂದನ್ನು ಹೇಳುತ್ತೇನೆ. ಪ್ಲೇಟಿಗೆ 20 ಪೈಸೆ ಖರ್ಚು ಮಾಡಿ 100 ಪ್ಲೇಟ್ ಇಡ್ಲಿ ಬೇಯಿಸಿದೆ. ಪ್ಲೇಟಿಗೆ 25 ಪೈಸೆಯಂತೆ 88 ಪ್ಲೇಟ್ ಮಾರಿದೆ. ಲಾಭವೆಷ್ಟು? ಹುಡುಗರು ಥಟ್ಟನೆ 4 ರೂಪಾಯಿ 40 ಪೈಸೆ ಅನ್ನುತ್ತಿದ್ದರಂತೆ: ಪ್ಲೇಟಿಗೆ 5 ಪೈಸೆ ಲಾಭ, ಅದರ 88 ಪಟ್ಟು. ಸರಿಯುತ್ತರ 2 ರೂಪಾಯಿ. ಖರ್ಚು 20 ರೂಪಾಯಿ, ಬಂದದ್ದು 22. ಅದರ ಕೆಳಗೆ ಇನ್ನೊಂದು ಪ್ರಶ್ನೆ: 80 ಪ್ಲೇಟ್ ಮಾತ್ರ ಹೋದರೆ? ಲಾಭ ಸೊನ್ನೆ. ರಾತ್ರಿ ಉಳಿಯುವ 20 ಪ್ಲೇಟ್ ಇಡೀ ದಿನದ ದುಡಿಮೆಯನ್ನು ನುಂಗುತ್ತದೆಂಬುದನ್ನು ವೇಟರ್ ದಿನವೂ ಕಣ್ಣಾರೆ ನೋಡುತ್ತಾನೆ, ಆದರೆ ನೋಡಿದ್ದು ಲೆಕ್ಕವಾಗುವುದು ಕಾಗದದ ಮೇಲೆ. ನಮ್ಮ ‘ಬೆವರು’ವಾದಿಗಳು ಈ ನೋಟ್‌ಬುಕ್ಕನ್ನು ಒಮ್ಮೆ ನೋಡಬೇಕು.

ಬಡ್ಡಿಯ ಪಾಠವೂ ಹಾಗೆಯೇ. ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾವಿನಲ್ಲಿ ಪಠಾಣರು ಸಾಲ ಕೊಡುತ್ತಿದ್ದ ವಾಡಿಕೆಯ ದರಗಳಲ್ಲಿ ಒಂದು ‘ರೂಪಾಯಿಗೆ ತಿಂಗಳಿಗೆ ಒಂದಾಣೆ’. ಕಿವಿಗೆ ಹಗುರ. ವರ್ಷಕ್ಕೆ 16 ಆಣೆಗೆ 12 ಆಣೆ, ಅಂದರೆ ಶೇಕಡಾ 75. ಮಾಸ್ತರರು ಇದನ್ನು ಹಲಗೆಯ ಮೇಲೆ ಬರೆದ ದಿನ ತರಗತಿಯಲ್ಲಿ ಇಬ್ಬರು ಹುಡುಗರು ಅತ್ತರೆಂದು ಅವರ ಶಿಷ್ಯರೊಬ್ಬರು ಹೇಳಿದರು. ಎಲ್ಲರೂ ತಮ್ಮ ಮನಿಯಾರ್ಡರ್ ಫಾರಂ ತಾವೇ ತುಂಬಬೇಕೆಂಬುದು ಅವರ ಇನ್ನೊಂದು ಕಟ್ಟಳೆ. ಸಂಬಳವನ್ನು ಸೇಠರ ಹತ್ತಿರವೇ ಜಮೆ ಇಟ್ಟ ಹುಡುಗನಿಗೆ ಮನಿಯಾರ್ಡರ್ ರಸೀದಿಯೊಂದೇ ತನ್ನ ದುಡ್ಡಿನ ದಾಖಲೆ.

ಎರಡನೆಯ ವಾದ ಜಾತಿಯದು: ಜಾತಿ ಸಂಘಗಳ ಒಗ್ಗಟ್ಟೇ ನಮ್ಮನ್ನು ಮೇಲೆತ್ತಿತು ಎಂಬುದು. ಇದರಲ್ಲಿ ಸತ್ಯಾಂಶವಿದೆ. 1906ರಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು ಮುಂದೆ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಕಟ್ಟಿದರು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯವರು ಶಾಲೆಯನ್ನು ನಡೆಸಿದರು, 1946ರಲ್ಲಿ ಬ್ಯಾಂಕನ್ನು ಸ್ಥಾಪಿಸಿದರು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಹೈಸ್ಕೂಲನ್ನೂ 1978ರಲ್ಲಿ ಭಾರತ್ ಬ್ಯಾಂಕನ್ನೂ ಕೊಟ್ಟಿತು. ಇವನ್ನೆಲ್ಲ ಗೌರವದಿಂದ ನೆನೆಯುತ್ತೇನೆ. ಆದರೆ ಜಾತಿ ಎತ್ತಿದ್ದನ್ನು ಹೇಳುವವರು ಅದು ತಡೆದದ್ದನ್ನೂ ಹೇಳಬೇಕಲ್ಲ? ಉಡುಪಿ ಹೋಟೆಲಿನ ಅಡುಗೆಮನೆಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ದಲಿತ ಹುಡುಗ ಗಲ್ಲಾದ ಮಾತಿರಲಿ, ಭಟ್ಟಿಯ ಹತ್ತಿರ ಸುಳಿಯುವುದೂ ಕಷ್ಟವಿತ್ತು. ರಾತ್ರಿಶಾಲೆಯ ಬೆಂಚಿನ ಮೇಲೆ ಮಾತ್ರ ಹಲವು ಜಾತಿಯ ಹುಡುಗರು ಪಕ್ಕಪಕ್ಕದಲ್ಲಿ ಕೂತರು. ಇನ್ನೊಂದು ಮಾತು: ಬ್ಯಾಂಕು ಸಾಲ ಕೊಟ್ಟದ್ದು ಅರ್ಜಿ ಬರೆದು ಲೆಕ್ಕ ತೋರಿಸಿದವನಿಗೆ. ಶಾಲೆ ಮೊದಲು, ಬ್ಯಾಂಕು ಆಮೇಲೆ; ಈ ಅನುಕ್ರಮವನ್ನು ಜಾತಿವಾದಿಗಳು ತಿರುವುಮುರುವು ಮಾಡುತ್ತಾರೆ. ಬ್ಯಾಂಕು ತಾನೇ ಲೆಕ್ಕ ಕಲಿಸಿದ್ದೂ ಉಂಟು: ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆ ಉಳಿಸುವವನ ಮನೆಬಾಗಿಲಿಗೆ ಏಜೆಂಟನನ್ನು ಕಳಿಸಿತು. ಅಲ್ಲಿ ಯಾರೂ ಉಳಿತಾಯದ ಬಗ್ಗೆ ಭಾಷಣ ಮಾಡಲಿಲ್ಲ. ಪಾಸ್‌ಬುಕ್ಕಿನಲ್ಲಿ ದಿನದಿನವೂ ಅಂಕಿ ಬೆಳೆಯುವುದನ್ನು ತೋರಿಸಿದರು, ಅಷ್ಟೆ.

ಈಗ ಮೂರನೆಯ ಎದುರಾಳಿಗಳು, ನನ್ನದೇ ಕ್ಷೇತ್ರದ ವಿದ್ವಾಂಸರು. ರಾತ್ರಿಶಾಲೆಯನ್ನು ಕೌಶಲ ತರಬೇತಿಯ ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎನ್ನುತ್ತಾರೆ ಅವರು. ಎಸ್ಸೆಸ್ಸಿ ಪಾಸಾದವರು ಹೋಟೆಲು ಬಿಟ್ಟು ಬ್ಯಾಂಕು, ವಿಮಾ ಕಂಪನಿ, ರೇಲ್ವೆ ಸೇರಿದರು. ಇನ್ನು ಕೆಲವರು 1946ರಲ್ಲಿ ಅಂಬೇಡ್ಕರರು ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಥಾಪಿಸಿದ ಸಿದ್ಧಾರ್ಥ ಕಾಲೇಜಿನ ಬೆಳಗಿನ ತರಗತಿಗೆ ಹೋಗಿ ಪದವಿ ಪಡೆದರು. ಹಾಗಾದರೆ ಇದು ಕಸುಬು ಕಲಿಸಿದ್ದೋ, ಕಸುಬಿನಿಂದ ಓಡಿಸಿದ್ದೋ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಜಾಣತನದ್ದೇ. ಆದರೆ ಕಲಿತವನು ಅದೇ ಕೆಲಸದಲ್ಲಿ ಉಳಿದರೆ ಮಾತ್ರ ತರಬೇತಿ ಗೆದ್ದಂತೆ ಎಂಬ ಅಳತೆಗೋಲು ಮಾಲೀಕನದು, ಕೆಲಸಗಾರನದಲ್ಲ. ಮೋರಿಯಲ್ಲಿದ್ದವನು ಮೋರಿ ಬಿಡಲು ಕಲಿತರೆ ಅದನ್ನು ಸೋಲು ಎನ್ನುವ ವಿದ್ವಾಂಸ ಒಂದು ವಾರ ಮೋರಿಯಲ್ಲಿ ನಿಂತು ಬರಲಿ.

ಸರ್ಕಾರಿ ಯೋಜನೆಗಳನ್ನು ತೂಗುವಾಗಲೂ ಇದೇ ತೊಡಕು. ಎಷ್ಟು ಜನರಿಗೆ ತರಬೇತಿ, ಎಷ್ಟು ಪ್ರಮಾಣಪತ್ರ, ಎಷ್ಟು ನೇಮಕ, ಇಷ್ಟರಲ್ಲೇ ಕತೆ ಮುಗಿಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಪಾತ್ರೆ ಇಳಿಸುವವನು ಯಾವ ಹೊತ್ತಿನಲ್ಲಿ ತರಗತಿಗೆ ಬರಬೇಕು, ಬಂದ ಹೊತ್ತಿನ ಕೂಲಿ ಯಾರು ಕೊಡಬೇಕು ಎಂಬ ಪ್ರಶ್ನೆಗೆ ಫಾರಂನಲ್ಲಿ ಜಾಗವಿಲ್ಲ. ರಾತ್ರಿಶಾಲೆ ನಡೆದದ್ದು ಪಠ್ಯಕ್ರಮದ ಬಲದಿಂದಲ್ಲ. ಕೆಲವು ಸೇಠರು ಸಂಜೆ ಆರೂವರೆಗೆ ಹುಡುಗನನ್ನು ಬಿಟ್ಟರು, ಅದರಿಂದ ನಡೆಯಿತು. ಬಿಡದ ಸೇಠರ ಮನೆಗೆ ಮಾಸ್ತರರು ಭಾನುವಾರ ಹೋಗಿ ಕೂರುತ್ತಿದ್ದರಂತೆ, ಚಹಾ ಕುಡಿಯದೆ, ಅವರು ಹೂಂ ಅನ್ನುವವರೆಗೆ. ಕಸುಬು ಕಲಿಸುವುದೇ ಎಲ್ಲವೂ ಅಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ: ಇದೇ ಊರಿನಲ್ಲಿ 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣ ಮಹಿಳಾ ಮಂಡಳ ಕಟ್ಟಿ, ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು ಬ್ಯಾಂಕಿನ ಸಾಲಕ್ಕೆ ಅರ್ಹರಾಗಿಸಿದರು. ಅಡುಗೆ ಅವರಿಗೆ ಮೊದಲೇ ಬರುತ್ತಿತ್ತು. ಬೇಕಾಗಿದ್ದದ್ದು ಸಾಲ ಮತ್ತು ಅದರ ಲೆಕ್ಕ.

ರಾತ್ರಿಶಾಲೆಯನ್ನು ನಾನು ದೇವಸ್ಥಾನ ಮಾಡಹೊರಟಿಲ್ಲ. ಹನ್ನೆರಡು ವರ್ಷದ ಮಗು ಹಗಲೆಲ್ಲ ದುಡಿದು ರಾತ್ರಿ ತೂಕಡಿಸುತ್ತಾ ಕಲಿಯಬೇಕಾದ ವ್ಯವಸ್ಥೆ ಹೋದದ್ದೇ ಒಳ್ಳೆಯದು. 2006ರ ಅಕ್ಟೋಬರ್ 10ರಿಂದ ಹೋಟೆಲು-ಢಾಬಾಗಳಲ್ಲಿ 14ರ ಒಳಗಿನವರ ದುಡಿಮೆ ನಿಷಿದ್ಧವಾಯಿತು. ಅದಕ್ಕೂ ಮೊದಲೇ ಕರಾವಳಿಯ ಹುಡುಗರು ಊರಿನ ಶಾಲೆಗಳಲ್ಲೇ ಓದತೊಡಗಿದ್ದರು. ನಮ್ಮ ತರಗತಿಗಳು ಖಾಲಿಯಾದದ್ದಕ್ಕೆ ಸಭೆಗಳಲ್ಲಿ ಕಣ್ಣೀರು ಹಾಕುವವರು ಇದನ್ನು ಮರೆಯುತ್ತಾರೆ.

ಆದರೆ ಹೋಟೆಲುಗಳು ಖಾಲಿಯಾಗಲಿಲ್ಲ. ಇವತ್ತು ಮಾಟುಂಗಾದಿಂದ ಮೀರಾ ರೋಡ್‌ವರೆಗೆ ನಮ್ಮ ಹೋಟೆಲುಗಳ ಮೋರಿಯಲ್ಲಿ, ಭಟ್ಟಿಯಲ್ಲಿ ಇರುವವರು ಜಾರ್ಖಂಡ್, ಒಡಿಶಾ, ಉತ್ತರಪ್ರದೇಶ, ನೇಪಾಳದ ತರುಣರು. ಅವರ ಕೈಯಲ್ಲಿ ಮೊಬೈಲ್ ಇದೆ, ಖಾತೆಯಿದೆ. ಸಾಲದ ಆ್ಯಪ್ ‘ನೂರಕ್ಕೆ ದಿನಕ್ಕೆ ಒಂದೇ ರೂಪಾಯಿ’ ಎಂದರೆ ಅದು ವರ್ಷಕ್ಕೆ ಶೇಕಡಾ 365 ಎಂದು ಹಲಗೆಯ ಮೇಲೆ ಬರೆದು ತೋರಿಸುವವರು ಇಲ್ಲ. ಅವರ ಭಾಷೆ ಕನ್ನಡವಲ್ಲ, ನಿಜ. ಲೆಕ್ಕ ಹಿಂದಿಯಲ್ಲೂ ಅಷ್ಟೇ ಆಗುತ್ತದೆ.

ನಮ್ಮ ಸಂಘಗಳಿಗೆ ಸಭಾಗೃಹಗಳಿವೆ, ಬ್ಯಾಂಕುಗಳಿವೆ, ಲೆಕ್ಕ ಬಲ್ಲ ನಿವೃತ್ತ ಮ್ಯಾನೇಜರುಗಳಿದ್ದಾರೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು ಆ ಸಭಾಗೃಹಗಳ ಬಾಗಿಲು ತೆಗೆಯಿರಿ. ಸಂಬಳದ ಚೀಟಿ ಓದುವುದು, ಪಿ.ಎಫ್. ನೋಡಿಕೊಳ್ಳುವುದು, ಬಡ್ಡಿ, ಒಂದು ಪ್ಲೇಟಿನ ಖರ್ಚು, ಇಷ್ಟು ಕಲಿಸಿದರೆ ಸಾಕು. ಈ ಸಭೆಯಲ್ಲಿರುವ ಹೋಟೆಲ್ ಮಾಲೀಕರಲ್ಲಿ ನನ್ನ ವಿನಂತಿ ಒಂದೇ: ವಾರಕ್ಕೆರಡು ದಿನ ನಿಮ್ಮ ಕೆಲಸಗಾರರನ್ನು ಆ ತರಗತಿಗೆ ಕಳಿಸಿ, ಆ ಹೊತ್ತನ್ನು ಡ್ಯೂಟಿಯೆಂದೇ ಹಾಜರಿ ಪುಸ್ತಕದಲ್ಲಿ ಬರೆಯಿರಿ, ಸಂಬಳ ಹಿಡಿಯಬೇಡಿ.