ಶೆಟ್ಟಿಹಳ್ಳಿ ಚರ್ಚು: ಫೋಟೊದಲ್ಲಿ ಕಾಣದ ಜನ

ಕುರುಬರಹಳ್ಳಿಯ ನನ್ನ ಚಿಕ್ಕ ರೂಮಿಂದ ಮಾತಾಡ್ತಿದ್ದೀನಿ. ಮಧ್ಯೆ ಹಾರ್ನ್ ಸದ್ದು ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಮಳೆಗಾಲ ಬಂತು ಅಂದ್ರೆ ನಮ್ ಏರಿಯಾ ಹುಡುಗ್ರ ಸ್ಟೇಟಸ್‌ನಲ್ಲಿ ಒಂದು ಫೋಟೊ ಗ್ಯಾರಂಟಿ: ಅರ್ಧ ನೀರೊಳಗೆ ನಿಂತಿರೋ, ಚಾವಣಿ ಇಲ್ಲದ ಚರ್ಚು. ತುಮಕೂರು ರೋಡ್ ಹಿಡಿದು, ನೆಲಮಂಗಲದಲ್ಲಿ ಹಾಸನದ ಕಡೆ ತಿರುಗಿದ್ರೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಅದೇ ಶೆಟ್ಟಿಹಳ್ಳಿ ಚರ್ಚು. ಇವತ್ತಿನ ಮಾತು ಆ ಫೋಟೊದಲ್ಲಿ ಕಾಣದ ಜನರ ಬಗ್ಗೆ.

19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ದೇವಾಲಯ ಅದು. ಜಪಮಾಲೆ ಮಾತೆಯ ಹೆಸರಿನದು. ಅಜ್ಜನ ಜ್ಞಾನಸ್ನಾನ, ಅಪ್ಪನ ಮದುವೆ, ಮಗನ ಮೊದಲ ಪರಮಪ್ರಸಾದ, ಎಲ್ಲ ಒಂದೇ ಸೂರಿನ ಕೆಳಗೆ ನಡೆದ ಮನೆತನಗಳು ಅಲ್ಲಿದ್ದವು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು. ಅದು 1979ರಲ್ಲಿ ಪೂರ್ತಿಯಾಯಿತು. ನೀರು ಎಷ್ಟೋ ಊರಿನ ಹೊಲಕ್ಕೆ ಹರಿಯಿತು, ಆದರೆ ಶೆಟ್ಟಿಹಳ್ಳಿಯವರು ಊರು ಬಿಟ್ಟರು.

ನಾನು ಬಿಕಾಂ ಓದಿದವನು, ಎಲ್ಲದರಲ್ಲೂ ಲೆಕ್ಕ ಹುಡುಕ್ತೀನಿ. ಜಮೀನಿಗೆ ಎಕರೆ ಲೆಕ್ಕ ಇದೆ, ಮನೆಗೂ ಒಂದು ಬೆಲೆ ಕಟ್ಟಬಹುದು. ಅಜ್ಜಿ ಮದುವೆಗೆ ನಿಂತಿದ್ದ ಪೀಠದ ಮುಂದಿನ ಮೂರಡಿ ಜಾಗಕ್ಕೆ ಎಷ್ಟು ಅಂತ ಬರೀತೀರಾ?

ಆದ್ರೆ ಕಥೋಲಿಕರಲ್ಲಿ ಇನ್ನೊಂದು ಲೆಕ್ಕದ ಪುಸ್ತಕ ಇದೆ. ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನದ ರಿಜಿಸ್ಟರ್ ಇಡ್ತಾರೆ. ಅದೇ ಹುಡುಗ ಮುಂದೆ ಬೆಂಗಳೂರಲ್ಲಿ ಚರ್ಚಿನಲ್ಲಿ ಮದುವೆಯಾದ ಅಂತಿಟ್ಕೊಳ್ಳಿ, ಮೊದಲು ಮೂಲ ಧರ್ಮಕೇಂದ್ರದಿಂದ ಸರ್ಟಿಫಿಕೇಟ್ ತರಬೇಕು. ಮದುವೆ ಮುಗಿದ ಮೇಲೆ ಆ ಸುದ್ದಿ ವಾಪಸ್ ಅಲ್ಲಿಗೇ ಹೋಗಿ, ಅವನ ಹೆಸರಿನ ಪಕ್ಕ ದಾಖಲಾಗ್ಬೇಕು. ಮನುಷ್ಯ ಎಲ್ಲೇ ಇರಲಿ, ಖಾತೆ ಇರೋದು ಹುಟ್ಟೂರಲ್ಲಿ. ಹಳೇ ಪುಸ್ತಕಗಳನ್ನ ಜೋಪಾನವಾಗಿ ಕಾಪಾಡ್ಬೇಕು ಅನ್ನೋದು ಧರ್ಮಸಭೆಯ ಕಾನೂನೇ. ನಮ್ಮಲ್ಲಿ ಬೆಂಗಳೂರಿಗೆ ಬಂದು ಎಷ್ಟು ವರ್ಷವಾದ್ರೂ ಮನೆದೇವರಿಗೆ ನಡ್ಕೊಳ್ತೀವಲ್ಲ, ಹೆಚ್ಚುಕಮ್ಮಿ ಆ ಥರದ ನಂಟು.

ಇನ್ನೊಂದು ವಿಷಯ. ಮುತ್ತಜ್ಜ ಕೇಳಿದ ಪೂಜೆ ಲ್ಯಾಟಿನ್‌ನಲ್ಲಿತ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅದು ಜನರ ಭಾಷೆಗೆ ಬಂತು. ಮೊಮ್ಮಗ ಕೇಳೋದು ಕನ್ನಡದ ಬಲಿಪೂಜೆ. ಭಾಷೆ ಬದಲಾಯ್ತು, ಕಟ್ಟಡ ನೀರುಪಾಲಾಯ್ತು. ಉಳಿದಿದ್ದು ಸಂಜೆ ಮನೆಯಲ್ಲಿ ಎಲ್ಲರೂ ಕೂತು ಹೇಳೋ ಜಪಸರ. ಅದಕ್ಕೆ ಕಟ್ಟಡ ಬೇಡ, ಕೂರಿಸಿ ಹೇಳಿಕೊಡೋಕೆ ಒಬ್ಬ ಅಜ್ಜಿ ಬೇಕು.

ನನ್ನ ಚಿಂತೆ ಇರೋದು ಇಲ್ಲೇ. ಚರ್ಚಿನ ಗೋಡೆಗಳು ನೀರಲ್ಲಿ ನೆಂದು, ಬಿಸಿಲಲ್ಲಿ ಒಣಗಿ ಸವೆಯುತ್ತಿವೆ. ಅಲ್ಲಿ ಕೈಮುಗಿದು ನಿಂತಿದ್ದವರಿಗೂ ವಯಸ್ಸಾಗಿದೆ. ರಿಜಿಸ್ಟರ್‌ನಲ್ಲಿ ಹೆಸರು, ತಾರೀಖು ಸಿಗುತ್ತೆ. ಹಬ್ಬದ ದಿನ ಯಾರ ಮನೆಯಿಂದ ಹೂವು ಬರ್ತಿತ್ತು, ಗಂಟೆ ಯಾರು ಹೊಡೀತಿದ್ರು ಅನ್ನೋದು ಸಿಗಲ್ಲ.

ಹಾಗಾಗಿ ಮುಂದಿನ ಸಲ ಹೋದಾಗ ಗೋಡೆ ಹತ್ತಬೇಡಿ. ಸುತ್ತಮುತ್ತಲಿನ ಹಿರಿಯರು ಸಿಕ್ಕಿದ್ರೆ, 'ಅಜ್ಜಾ, ನೀವು ಇಲ್ಲಿ ಪೂಜೆಗೆ ಬರ್ತಿದ್ರಾ?' ಅಂತ ಕೇಳಿ. ಅವರು ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಹತ್ತು ನಿಮಿಷ ಆದ್ರೂ ಸಾಕು.

ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ.