ಬಾಸ್ ಬರ್ತಿಲ್ವಾ? ಮೊದಲು ವೈರ್ ನೋಡಿ

ಇವತ್ತಿನ ವಿಷಯ, ಮನೆ ಸ್ಟೀರಿಯೋದಲ್ಲಿ ಬಾಸ್ ಕಮ್ಮಿ ಬರೋದು. ಹಾಡೇನೋ ಕೇಳುತ್ತೆ, ಆದ್ರೆ ಡೊಳ್ಳು ಹೊಡೆದ್ರೆ ಡಬ್ಬ ಬಡಿದ ಹಾಗೆ. ಅಂಗಡಿಯಲ್ಲಿ ಕೇಳಿದ್ರೆ ಥಟ್ ಅಂತ ಉತ್ತರ: 'ಸಬ್‌ವೂಫರ್ ಹಾಕ್ಸಿ ಸಾರ್.' ನಾನು ಕಾಮರ್ಸ್ ಓದಿದವನು. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚು ಆಮೇಲೆ.

ಮೊದಲು ವೈರ್. ಆಂಪ್ಲಿಫೈಯರ್‌ನ ಕೆಂಪು ಟರ್ಮಿನಲ್‌ನಿಂದ ಹೊರಟ ವೈರ್ ಸ್ಪೀಕರ್‌ನ ಕೆಂಪಿಗೇ ಸೇರಬೇಕು. ಒಂದು ಸ್ಪೀಕರ್‌ನಲ್ಲಿ ಮಾತ್ರ ಅದಲುಬದಲಾದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತೆ. ಜಮೆಗೆ ಖರ್ಚು ವಜಾ ಆದ ಹಾಗೆ, ಬಾಸ್ ಕರಗಿಹೋಗುತ್ತೆ. ಮನೆ ಶಿಫ್ಟ್ ಆದ ಮೇಲೆ ಬಾಸ್ ಹೋಯ್ತು ಅನ್ನೋರು ಇದನ್ನೇ ಮೊದಲು ನೋಡಿ. ಆಂಪ್ ಆಫ್ ಮಾಡಿ, ಒಂದೇ ಸ್ಪೀಕರ್‌ನ ಎರಡು ವೈರ್ ಅದಲುಬದಲು ಮಾಡಿ, ಅದೇ ಹಾಡು ಹಾಕಿ. ಬಾಸ್ ತುಂಬಿಕೊಂಡು, ಗಾಯಕರ ಧ್ವನಿ ಎರಡು ಸ್ಪೀಕರ್‌ಗಳ ನಡುವೆ ಬಂದು ನಿಂತರೆ ಕಾಯಿಲೆ ಸಿಕ್ತು. ಇಲ್ಲಾಂದ್ರೆ ಮೊದಲಿದ್ದ ಹಾಗೇ ಹಾಕಿ.

ಆಮೇಲೆ ಜಾಗ. ನಮ್ಮ ರಾಜಾಜಿನಗರ, ವಿಜಯನಗರದ 20x30 ಸೈಟಿನ ಮನೆಗಳಲ್ಲಿ ಹಾಲ್ ಚಿಕ್ಕದು. 10 ಅಡಿ ಅಂತರದ ಎರಡು ಗೋಡೆ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಗೋಡೆ ಹತ್ತಿರ ಜೋರು, ಸರಿಯಾಗಿ ಮಧ್ಯದಲ್ಲಿ ಕ್ಷೀಣ. ಸೋಫಾ ಅಲ್ಲೇ ಇದ್ದರೆ ಒಂದೆರಡು ಅಡಿ ಹಿಂದೆ ಸರಿಸಿ. ಸ್ಪೀಕರನ್ನೂ ಗೋಡೆ ಹತ್ತಿರ ಇಟ್ಟು ನೋಡಿ, ಬಾಸ್ ಏರುತ್ತೆ.

ಇಷ್ಟಾದರೂ ಸಾಲದು ಅಂದ್ರೆ, ವೂಫರೇ 4 ಇಂಚಿನದ್ದಾಗಿದ್ರೆ, ಆಗ ಸಬ್‌ವೂಫರ್ ಮಾತು. ಆದ್ರೆ ಬಾಸ್ ಗೋಡೆ ದಾಟುತ್ತೆ, ಪಕ್ಕದ ಮನೆಯವರ ನಿದ್ದೆ ನೆನಪಿರಲಿ. ಮತ್ತೆ ಸಿಗೋಣ.